ಚಳಿಗಾಲದ ರಾತ್ರಿ ಊಟ ಅಡುಗೆ ಮಾಡಿದವರಿಗೂ ಬಿಸಿಯಾಗಿ ಸಿಗಲಿ

ಚಳಿ ಶುರುವಾಯಿತು ಅಂದರೆ ಸಾಕು, ಫೋನ್ ತುಂಬ ರಾತ್ರಿ ಊಟದ ಫೋಟೋಗಳು. ಹಬೆಯಾಡುವ ಬಟ್ಟಲು, ಪಕ್ಕದಲ್ಲಿ ಮಡಚಿಟ್ಟ ಶಾಲು, ಹಿಂದೆ ಹಳದಿ ದೀಪ. ನೋಡೋಕೆ ಚೆನ್ನಾಗೇ ಇರುತ್ತದೆ. ಆದರೆ ಅದನ್ನು ಬೇಯಿಸಿದವರು ಎಲ್ಲಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಅವರು ಬಹಳ ಸಲ ಇನ್ನೂ ಒಲೆ ಮುಂದೆಯೇ ನಿಂತಿರುತ್ತಾರೆ.

ಚಳಿಗಾಲದಲ್ಲಿ ಮನೆಮಂದಿಯದ್ದೆಲ್ಲ ಒಂದೇ ಮಾತು: ಬಿಸಿಬಿಸಿಯಾಗಿ ಏನಾದರೂ ಮಾಡು. ಕೇಳುವುದರಲ್ಲಿ ತಪ್ಪೇನಿಲ್ಲ. ತೊಂದರೆ ಇರುವುದು ಆ ಆಸೆಯನ್ನು ನಾವು ತೀರಿಸುವ ರೀತಿಯಲ್ಲಿ. ಎಣ್ಣೆಯಿಂದ ಒಂದೊಂದೇ ಎತ್ತಿ ಬಡಿಸುವುದು, ಕಾವಲಿಯಿಂದ ಒಂದೊಂದೇ ಇಳಿಸಿ ತಟ್ಟೆಗೆ ಹಾಕುವುದು. ಕೂತವರಿಗೆ ಪ್ರತಿ ತುತ್ತೂ ಬಿಸಿ. ನಿಂತವರ ಪಾಲಿಗೆ ಕೊನೆಗೆ ಉಳಿಯುವುದು ಆರಿದ್ದು, ಮುರಿದದ್ದು. ಅಷ್ಟು ಹೊತ್ತಿಗೆ ಎಣ್ಣೆ ವಾಸನೆಗೆ ಹಸಿವೂ ಸತ್ತಿರುತ್ತದೆ. ಬೇಸಿಗೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಚಳಿಯಲ್ಲಿ ತಟ್ಟೆಗೆ ಬಡಿಸಿ ಹತ್ತು ನಿಮಿಷ ಬಿಟ್ಟರೆ ಊಟ ತಣ್ಣಗೆ.

ಹಾಗಾಗಿ ನನ್ನದು ಒಂದೇ ವಾದ. ಚಳಿಗಾಲದ ರಾತ್ರಿಗೆ ಯಾವ ಅಡುಗೆ ಒಳ್ಳೆಯದು ಅಂತ ನೋಡುವಾಗ ರುಚಿಯೊಂದನ್ನೇ ನೋಡಬಾರದು. ಮಾಡಿದವರೂ ಎಲ್ಲರ ಜೊತೆ ಕೂತು ಅದೇ ಬಿಸಿಯಲ್ಲಿ ಉಣ್ಣೋಕೆ ಆಗುತ್ತದಾ ಅಂತಲೂ ನೋಡಬೇಕು. ಆಗದಿದ್ದರೆ ಅದನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳಿ. ಸುಮ್ನೆ ವಾರದ ಮಧ್ಯೆ ಬೇಡ.

ದಿನಾ ಅಡುಗೆ ಮಾಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಕ್ಯಾಮೆರಾ ಇಲ್ಲದಾಗ ಅವರು ಏನು ಮಾಡುತ್ತಾರೆ ನೋಡಿ. ಬೇಳೆ ಮತ್ತು ತರಕಾರಿ ಒಟ್ಟಿಗೆ ಬೆಂದ ಗಟ್ಟಿ ಸೂಪು. ನೆನೆಸಿದ ಕಾಳು. ಧಾನ್ಯದ ಗಂಜಿ. ಮಾಂಸ ತಿನ್ನುವ ಮನೆಯಾದರೆ ಮೂಳೆ ಸಮೇತ ನಿಧಾನವಾಗಿ ಬೆಂದದ್ದು. ಓವನ್ ಇದ್ದರೆ ಒಂದೇ ಟ್ರೇಯಲ್ಲಿ ಹರಡಿ ಸುಟ್ಟ ಗೆಡ್ಡೆಗಳು. ಎಲ್ಲದರಲ್ಲೂ ಒಂದು ಗುಣ ಇದೆ. ಕೊನೆಯ ಅರ್ಧ ಗಂಟೆ ಪಾತ್ರೆಯೇ ಕೆಲಸ ಮಾಡುತ್ತದೆ, ಮಾಡಿದವರು ಕೈ ಒರೆಸಿಕೊಂಡು ಕೂರಬಹುದು.

ಇಲ್ಲಿ ರೆಸಿಪಿ ಬರೆಯುವವರ ಮೇಲೆ ನನಗೊಂದು ತಕರಾರಿದೆ. ‘30 ನಿಮಿಷದಲ್ಲಿ ರಾತ್ರಿ ಊಟ’ ಅಂತ ದೊಡ್ಡದಾಗಿ ಬರೆಯುತ್ತಾರೆ. ಆ 30 ನಿಮಿಷವೂ ನೀವು ಹೆಚ್ಚುತ್ತಾ, ಕೆದಕುತ್ತಾ, ಮೂರು ಒಲೆ ನೋಡಿಕೊಳ್ಳುತ್ತಾ ನಿಂತಿರಬೇಕು. ‘ಎರಡು ಗಂಟೆ’ ಅಂತ ಬರೆದ ಅಡುಗೆ ಕಂಡರೆ ಜನ ಹೆದರಿ ಮುಂದೆ ಹೋಗುತ್ತಾರೆ. ಅದರಲ್ಲಿ ಕೈಗೆ ಕೆಲಸ ಇರುವುದು ಕಾಲು ಗಂಟೆ, ಮಿಕ್ಕದ್ದೆಲ್ಲ ಸಣ್ಣ ಉರಿ ಮತ್ತು ಮುಚ್ಚಳ. ಕೈ ದುಡಿಯುವ ಹೊತ್ತು ಬೇರೆ, ಒಲೆ ದುಡಿಯುವ ಹೊತ್ತು ಬೇರೆ. ಇವೆರಡನ್ನೂ ಬೇರೆ ಬೇರೆಯಾಗಿ ಬರೆದರೆ ಎಷ್ಟೋ ಜನ ಚಳಿಗಾಲದಲ್ಲಿ ನಿಧಾನದ ಅಡುಗೆಯನ್ನೇ ಆರಿಸಿಕೊಳ್ಳುತ್ತಾರೆ. ಗ್ಯಾಸ್ ಜಾಸ್ತಿ ಖರ್ಚಾಗುತ್ತದೆ ಅನ್ನುವವರಿಗೆ ಉತ್ತರ ಪ್ರೆಶರ್ ಕುಕ್ಕರ್, ಅದಕ್ಕೆ ಆಮೇಲೆ ಬರುತ್ತೇನೆ.

ಅದೇ ರೆಸಿಪಿಗಳಲ್ಲಿ ಇನ್ನೊಂದು ಸುಳ್ಳು: ‘ಈರುಳ್ಳಿಯನ್ನು ಐದು ನಿಮಿಷ ಕಂದು ಬಣ್ಣ ಬರುವವರೆಗೆ ಹುರಿಯಿರಿ’. ಐದು ನಿಮಿಷಕ್ಕೆ ಈರುಳ್ಳಿ ಮೆತ್ತಗಾಗುತ್ತದೆ, ಅಷ್ಟೇ. ನಿಜವಾಗಿ ಸಿಹಿಯಾಗಿ, ಗಾಢ ಕಂದಾಗಿ ಬರಬೇಕಾದರೆ ಸಣ್ಣ ಉರಿಯಲ್ಲಿ 40 ನಿಮಿಷವಾದರೂ ಬೇಕು. ಐದಕ್ಕೇ ಬರಲಿ ಅಂತ ಉರಿ ಜೋರು ಮಾಡಿದರೆ ಅಂಚು ಕರಟುತ್ತದೆ, ಒಳಗೆ ಹಸಿ. ವಾರದ ಮಧ್ಯದ ರಾತ್ರಿಗೆ ಮೆತ್ತಗಾದ ಈರುಳ್ಳಿ ಸಾಕೇ ಸಾಕು, ಹಾಗಂತ ನೇರವಾಗಿ ಬರೆದರೆ ಏನು ಕಳೆದುಕೊಳ್ಳುತ್ತಾರೋ!

ಗಟ್ಟಿ ಅಡುಗೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಚಳಿಯಲ್ಲಿ ನಮಗೆ ಗಟ್ಟಿ ಸೂಪು ಹಿತ ಅನ್ನಿಸುವುದು ಬರೀ ಹೊಟ್ಟೆ ತುಂಬುತ್ತದೆ ಅಂತಲ್ಲ. ಅದು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ತೆಳುವಾದ ಸೂಪಿನಲ್ಲಿ ಮೇಲೆ ತಣ್ಣಗಾದ ನೀರು ಕೆಳಗಿಳಿಯುತ್ತದೆ, ಕೆಳಗಿನ ಬಿಸಿ ಮೇಲೆ ಬರುತ್ತದೆ, ಬಂದದ್ದೂ ಗಾಳಿಗೆ ಆರುತ್ತದೆ. ಗಟ್ಟಿಯಾದದ್ದರಲ್ಲಿ ಈ ಓಡಾಟ ಅಷ್ಟು ಸಲೀಸಲ್ಲ. ಮೇಲಿನ ಪದರ ಆರಿದರೂ ಒಳಗೆ ಬಿಸಿ ಇರುತ್ತದೆ. ಮೇಲೆ ತೆಳುವಾಗಿ ಎಣ್ಣೆ ಅಥವಾ ಬೆಣ್ಣೆ ತೇಲುತ್ತಿದ್ದರೆ ಇನ್ನೂ ಒಳ್ಳೆಯದು, ಹಬೆಯಾಗಿ ಹೋಗುವ ಬಿಸಿಗೆ ಅದು ಅಡ್ಡ. ಬಟ್ಟಲುಗಳಿಗೆ ಮೊದಲೇ ಬಿಸಿನೀರು ಹಾಕಿ ಎರಡು ನಿಮಿಷ ಬಿಟ್ಟು ಚೆಲ್ಲಿ ನೋಡಿ. ತಣ್ಣನೆಯ ಪಿಂಗಾಣಿ ಮೊದಲು ಬಡಿಸಿದ್ದರ ಬಿಸಿಯನ್ನೆಲ್ಲ ಹೀರುವುದು ತಪ್ಪುತ್ತದೆ. ಅಂದರೆ ಎದ್ದು ಎದ್ದು ಬಡಿಸದೆಯೂ ಊಟ ಬಿಸಿಯಾಗಿಯೇ ಇರುತ್ತದೆ. ನನ್ನ ವಾದಕ್ಕೆ ಇಷ್ಟು ವಿಜ್ಞಾನ ಸಾಕು ಅಲ್ವಾ?

ಗಟ್ಟಿಯಾಗಿಸೋಕೆ ಹಿಟ್ಟು ಕಲಸಿ ಹಾಕುವ ರೂಢಿ ನನಗೆ ಅಷ್ಟು ಇಷ್ಟವಿಲ್ಲ, ನಾಲಿಗೆಗೆ ಅಂಟುತ್ತದೆ. ಬೆಂದ ಕಾಳಲ್ಲಿ ಒಂದು ಸೌಟು ತೆಗೆದು ಮಸೆದು ಮತ್ತೆ ಅದಕ್ಕೇ ಸೇರಿಸಿದರೆ ಆಯಿತು. ಆಲೂಗಡ್ಡೆಯನ್ನೂ ಹೀಗೇ ಮಾಡಬಹುದು.

ಕಾಳಿನ ವಿಷಯ ಬಂದರೆ, ರಾತ್ರಿ ಊಟದ ಅರ್ಧ ಕೆಲಸ ಬೆಳಿಗ್ಗೆ ನೆನೆಸುವುದರಲ್ಲೇ ಮುಗಿಯುತ್ತದೆ. ನೆನೆಸುವ ನೀರಿಗೆ ಉಪ್ಪು ಹಾಕಬಾರದು, ಹಾಕಿದರೆ ಕಾಳು ಬೇಯುವುದಿಲ್ಲ ಅನ್ನುವ ಮಾತನ್ನು ಬಹಳ ಜನ ಇನ್ನೂ ನಂಬುತ್ತಾರೆ. ನಿಜ ತಿರುಗಾಮುರುಗ. ಕಾಳಿನ ಸಿಪ್ಪೆಯನ್ನು ಗಟ್ಟಿಯಾಗಿ ಹಿಡಿದಿರುವುದು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ. ಉಪ್ಪಿನಲ್ಲಿರುವ ಸೋಡಿಯಂ ಅವುಗಳ ಜಾಗ ಹಿಡಿಯುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. ನಿಜವಾಗಿ ಬೇಯಲು ಬಿಡದಿರುವುದು ಹುಳಿ. ಟೊಮೆಟೊ, ನಿಂಬೆ, ವಿನೆಗರ್ ಏನೇ ಇರಲಿ, ಕಾಳು ಪೂರ್ತಿ ಬೆಂದ ಮೇಲೆ ಹಾಕಿ. ಗಡಸು ನೀರಿದ್ದರೂ ಕಾಳು ಹಟ ಮಾಡುತ್ತದೆ, ಆಗ ಒಂದು ಚಿಟಿಕೆ ಅಡುಗೆ ಸೋಡಾ ಸಾಕು. ಜಾಸ್ತಿ ಹಾಕಿದರೆ ಸೋಪಿನ ರುಚಿ.

ರಾಜ್ಮಾ ಮಾಡುವವರು ಮಾತ್ರ ಇದನ್ನು ಗಮನವಿಟ್ಟು ಓದಿ. ಹಸಿ ಕೆಂಪು ರಾಜ್ಮಾದಲ್ಲಿ ಲೆಕ್ಟಿನ್ ಅನ್ನುವ ಗುಂಪಿಗೆ ಸೇರಿದ ಒಂದು ವಿಷಕಾರಿ ಪ್ರೋಟೀನ್ ಇರುತ್ತದೆ. ಸರಿಯಾಗಿ ಬೇಯದ ನಾಲ್ಕೈದು ಕಾಳು ತಿಂದರೂ ಜೋರು ವಾಂತಿ, ಭೇದಿ ಆಗಬಹುದು. ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಕುದಿಸಬೇಕು. ಕನಿಷ್ಠ 10 ನಿಮಿಷ ಜೋರಾಗಿ ಕುದಿಯಲೇಬೇಕು, ಅಮೆರಿಕದ ಆಹಾರ ಇಲಾಖೆ 30 ನಿಮಿಷ ಕುದಿಸಿ ಅನ್ನುತ್ತದೆ. ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ, ಅಂದರೆ ಸ್ಲೋ ಕುಕ್ಕರ್‌ಗೆ ನೇರವಾಗಿ ಹಾಕುವುದು ಅಪಾಯ. ಅದರೊಳಗೆ ಶಾಖ ಕುದಿಯುವ ಮಟ್ಟಕ್ಕೆ ಬರದೇ ಇರಬಹುದು, ಅರೆಬರೆ ಶಾಖಕ್ಕೆ ಈ ವಿಷ ಇನ್ನೂ ಹೆಚ್ಚಬಹುದು. ನಿಧಾನ ಬೇಯಲಿ ಅಂತ ನಾನೇ ಹೇಳಿದರೂ, ರಾಜ್ಮಾಗೆ ಮೊದಲು ಒಂದು ಜೋರು ಕುದಿ ಬೇಕೇ ಬೇಕು.

ಈಗ ಪ್ರೆಶರ್ ಕುಕ್ಕರ್. ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿ ದಾಟುವುದಿಲ್ಲ, ಎತ್ತರದ ಊರುಗಳಲ್ಲಿ ಅಷ್ಟೂ ಬರುವುದಿಲ್ಲ. ಕುಕ್ಕರ್ ಒಳಗೆ ಅದು 120ರ ಹತ್ತಿರ ಹೋಗುತ್ತದೆ. 20 ಡಿಗ್ರಿಯ ವ್ಯತ್ಯಾಸಕ್ಕೆ ಗಂಟೆಗಟ್ಟಲೆ ಕೆಲಸ ನಿಮಿಷಗಳಿಗೆ ಇಳಿಯುತ್ತದೆ. ಇದರ ಮೂಲ ಪುರುಷ ಡೆನಿಸ್ ಪ್ಯಾಪಿನ್ ಅನ್ನುವ ಫ್ರೆಂಚ್ ವಿಜ್ಞಾನಿ. 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತನ್ನ ಪಾತ್ರೆ ತೋರಿಸಿದ. 1682ರಲ್ಲಿ ಅದರಲ್ಲೇ ಬೇಯಿಸಿದ ರಾತ್ರಿ ಊಟವನ್ನು ಅಲ್ಲಿನ ಸದಸ್ಯರಿಗೆ ಬಡಿಸಿದ. ಗಟ್ಟಿ ಮೂಳೆಗಳೂ ಅದರಲ್ಲಿ ಮೆತ್ತಗಾಗಿದ್ದವು. ಹೆಚ್ಚಾದ ಹಬೆ ಹೊರಹಾಕುವ ಸೇಫ್ಟಿ ವಾಲ್ವ್ ಕೂಡ ಅವನ ಕೊಡುಗೆಯೇ.

ಮಾಂಸದ ವಿಷಯದಲ್ಲಿ ಒಂದೇ ಮಾತು. ನಿಧಾನದ ಅಡುಗೆಗೆ ದುಬಾರಿ ಮೆತ್ತನೆಯ ತುಂಡು ತರಬೇಡಿ, ಬೆಂದು ಒಣಗಿಹೋಗುತ್ತದೆ. ನಾರು, ನರ ಇರುವ ಗಟ್ಟಿ ತುಂಡೇ ಬೇಕು. ಅದರಲ್ಲಿರುವ ಕೊಲಾಜನ್ ಅನ್ನುವ ಗಟ್ಟಿ ಪ್ರೋಟೀನ್ ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಬೆಂದು ಮೆತ್ತನೆಯ ಜೆಲಾಟಿನ್ ಆಗುತ್ತದೆ, ರಸ ಮಂದವಾಗಿ ಬರುವುದು ಅದರಿಂದಲೇ.

ತರಕಾರಿಗಳಲ್ಲಿ ಚಳಿಗಾಲ ಕೈ ಹಿಡಿಯುತ್ತದೆ. ಕ್ಯಾರೆಟ್, ಎಲೆಕೋಸು ಮುಂತಾದವು ಚಳಿ ತಿಂದಷ್ಟೂ ಸಿಹಿ. ಒಳಗಿನ ನೀರು ಹೆಪ್ಪುಗಟ್ಟದಿರಲಿ ಅಂತ ಗಿಡ ತನ್ನಲ್ಲಿ ಸಕ್ಕರೆ ಹೆಚ್ಚಿಸಿಕೊಳ್ಳುತ್ತದೆ. ಆಲೂಗಡ್ಡೆಯೂ ಚಳಿಗೆ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳುತ್ತದೆ, ಆದರೆ ಅದು ನಮಗೆ ಬೇಡದ ಸಿಹಿ. ಫ್ರಿಜ್‌ನಲ್ಲಿಟ್ಟ ಆಲೂಗಡ್ಡೆ ಹುರಿದರೆ ಬೇಗ ಕಪ್ಪಾಗುವುದು ಇದಕ್ಕೇ. ಅದನ್ನು ಹೊರಗೆ ಕತ್ತಲ ಮೂಲೆಯಲ್ಲಿಡಿ.

‘ದಿನಾ ಒಂದೇ ಪಾತ್ರೆ ಅಡುಗೆ ಅಂದರೆ ಬೇಜಾರು, ಎಲ್ಲ ಒಂದೇ ರುಚಿ’ ಅನ್ನುವವರಿದ್ದಾರೆ. ಈ ದೂರಿನಲ್ಲಿ ಹುರುಳಿದೆ. ಎಲ್ಲವನ್ನೂ ಹಸಿಹಸಿಯಾಗಿ ನೀರಿಗೆ ಸುರಿದು ಬೇಯಿಸಿದರೆ ಅದು ಆಸ್ಪತ್ರೆ ಊಟದ ಹಾಗೇ ಇರುತ್ತದೆ. ಕಂದು ಬಣ್ಣ, ಅದರ ಜೊತೆಗೆ ಬರುವ ಘಮ, ಇವು ನೀರಿನಲ್ಲಿ ಹುಟ್ಟುವುದು ಕಷ್ಟ. ಅದಕ್ಕೆ ಸುಮಾರು 140 ಡಿಗ್ರಿ ಶಾಖ ಬೇಕು. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ರಸಾಯನ ವಿಜ್ಞಾನಿ ಮೇಯಾರ್ ಹೆಸರಲ್ಲೇ ಆ ಕ್ರಿಯೆಯನ್ನು ಇವತ್ತಿಗೂ ಕರೆಯುತ್ತಾರೆ. ಹಾಗಾಗಿ ನೀರು ಹಾಕುವ ಮೊದಲು ಒಂದಿಷ್ಟು ತರಕಾರಿಯನ್ನೋ ಮಾಂಸವನ್ನೋ ಅದೇ ಪಾತ್ರೆಯಲ್ಲಿ ಎಣ್ಣೆ ಬಿಟ್ಟು ಕೆಂಪಗೆ ಮಾಡಿಕೊಳ್ಳಿ. ತಳಕ್ಕೆ ಹಿಡಿದ ಕಂದು ಪದರವನ್ನು ನೀರು ಹಾಕಿ ಕೆರೆದು ಬಿಡಿಸಿ, ರುಚಿ ಎಲ್ಲ ಅಲ್ಲೇ ಇರುತ್ತದೆ. ಇಳಿಸುವ ಮುಂಚೆ ಹುಳಿ. ಎಲ್ಲ ಮೆತ್ತಗಾಯಿತು ಅನ್ನಿಸಿದರೆ ಮೇಲೆ ಹುರಿದ ಬೀಜವೋ ಗರಿಗರಿ ಬ್ರೆಡ್ಡಿನ ಚೂರೋ ಉದುರಿಸಿ. ಇಷ್ಟು ಮಾಡಿದ ಮೇಲೂ ಬೇಜಾರು ಅನ್ನುವವರಿಗೆ ನಾಳೆ ರಾತ್ರಿಯ ಸೌಟು ಕೊಟ್ಟುಬಿಡಿ.

‘ಬಿಸಿ’ಗೂ ಒಂದು ಮಿತಿ ಇದೆ. ನಾಲಿಗೆ ಸುಡುವಷ್ಟು ಬಿಸಿ ಕುಡಿಯುವುದೇ ಗಮ್ಮತ್ತು ಅನ್ನುವವರು ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ, 65 ಡಿಗ್ರಿಗಿಂತ ಬಿಸಿಯಾದ ಪಾನೀಯಗಳನ್ನು ‘ಬಹುಶಃ ಕ್ಯಾನ್ಸರ್ ತರಬಲ್ಲವು’ ಅನ್ನುವ ಪಟ್ಟಿಗೆ ಸೇರಿಸಿತು. ಅನ್ನನಾಳದ ಕ್ಯಾನ್ಸರ್ ಬಗ್ಗೆ ಅವರ ಮಾತು. ಅದು ಪಾನೀಯದ ಬಗ್ಗೆ ಹೇಳಿದ್ದು, ಆದರೂ ಕುದಿಯುವ ಸೂಪನ್ನು ಹಾಗೇ ಗಂಟಲಿಗೆ ಇಳಿಸುವ ಅವಸರ ಯಾಕೆ? ಸ್ವಲ್ಪ ಆರಿದ ಮೇಲೆ ರುಚಿಯೂ ಚೆನ್ನಾಗಿ ಗೊತ್ತಾಗುತ್ತದೆ. ಆ ಐದು ನಿಮಿಷದಲ್ಲಿ ಮಾಡಿದವರೂ ಬಂದು ಕೂರಬಹುದು.

ದೊಡ್ಡ ಪಾತ್ರೆಯಲ್ಲಿ ಮಾಡಿದರೆ ನಾಳೆಗೂ ಆಗುತ್ತದೆ. ಇಂಥ ಅಡುಗೆ ಮಾರನೇ ದಿನ ಇನ್ನೂ ರುಚಿ ಅನ್ನುವವರ ಪೈಕಿ ನಾನೂ ಒಬ್ಬ. ಆದರೆ ‘ಚಳಿಗಾಲ ತಾನೇ, ಒಲೆ ಮೇಲೇ ಇರಲಿ’ ಅನ್ನುವುದು ಬೇಡ. ಅಡುಗೆಮನೆ ನಮಗೆ ಚಳಿ ಅನ್ನಿಸಿದರೂ ಬ್ಯಾಕ್ಟೀರಿಯಾಗಳಿಗೆ ಅದು ಹಿತವಾದ ಜಾಗವೇ. ದೊಡ್ಡ ಪಾತ್ರೆಯ ಒಳಗಂತೂ ಗಂಟೆಗಟ್ಟಲೆ ಉಗುರು ಬೆಚ್ಚಗೆ ಇರುತ್ತದೆ. ಗಟ್ಟಿ ಅಡುಗೆ ಬಿಸಿ ಹಿಡಿದಿಡುತ್ತದೆ ಅಂತ ಹೊಗಳಿದೆನಲ್ಲ, ಅದೇ ಗುಣ ಇಲ್ಲಿ ತೊಂದರೆ. ಅಗಲವಾದ, ಕಡಿಮೆ ಆಳದ ಡಬ್ಬಿಗಳಿಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಅನ್ನಕ್ಕೆ ಇನ್ನೂ ಜಾಗ್ರತೆ ಬೇಕು. ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಕುದಿಸಿದರೂ ಸಾಯುವುದಿಲ್ಲ. ಹೊರಗಿಟ್ಟ ಅನ್ನದಲ್ಲಿ ಅವು ಬೆಳೆದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗದೇ ಇರಬಹುದು.

ಇನ್ನು ಪಾತ್ರೆ. ಒಂದೇ ಪಾತ್ರೆ, ನಾಲ್ಕು ಬಟ್ಟಲು, ಒಂದು ಸೌಟು. ಆದರೂ ಚಳಿಯಲ್ಲಿ ಸಿಂಕ್ ಮುಂದೆ ನಿಲ್ಲೋಕೆ ಯಾರಿಗೂ ಮನಸ್ಸಿರುವುದಿಲ್ಲ. ಬೇಯಿಸಿದವರೇ ತೊಳೆಯಬೇಕು ಅನ್ನುವ ಮನೆಗಳಲ್ಲಿ ಮೇಲೆ ಹೇಳಿದ್ದೆಲ್ಲ ದಂಡ. ಡಬ್ಬಿಗೆ ಹಂಚಿದ ಕೂಡಲೇ ಪಾತ್ರೆಗೆ ನೀರು ತುಂಬಿಸಿಡಿ, ತಳ ಸಲೀಸಾಗಿ ಬಿಡುತ್ತದೆ. ಉಜ್ಜುವ ಕೆಲಸ ಮಾತ್ರ, ಇಷ್ಟು ಹೊತ್ತೂ ಕೂತು ಉಂಡವರದ್ದು.