ಐದು ನಿಮಿಷ ಮೌಸ್ ಮುಟ್ಟದಿದ್ದರೆ ನೀವು ಆಫೀಸಲ್ಲಿ ಇಲ್ಲ!

ಕಂಪ್ಯೂಟರ್ ಮುಂದೆ ಕೂತವರು ಕೆಲಸ ಮಾಡುತ್ತಿದ್ದಾರೋ ಸುಮ್ನೆ ಕೂತಿದ್ದಾರೋ ಅಂತ ಲೆಕ್ಕ ಹಾಕುವ ಸಾಫ್ಟ್‌ವೇರ್‌ಗಳಿವೆಯಲ್ಲ, ಅವುಗಳ ಬಗ್ಗೆ ಬಹಳ ದಿನದಿಂದ ಬರೆಯಬೇಕು ಅಂತಿದ್ದೆ. ಆ್ಯಕ್ಟಿವ್ ಟೈಮ್ ಇಷ್ಟು, ಐಡಲ್ ಟೈಮ್ ಇಷ್ಟು ಅಂತ ಸಂಜೆ ಮ್ಯಾನೇಜರ್‌ಗೆ ರಿಪೋರ್ಟ್ ಕಳಿಸುವಂಥವು.

ನಮ್ಮ ಅತ್ತಿಗೆ ಮೈಸೂರಿನ ಮನೆಯಿಂದಲೇ ಮೆಡಿಕಲ್ ಕೋಡಿಂಗ್ ಮಾಡುತ್ತಾರೆ. ಅಮೆರಿಕದ ಆಸ್ಪತ್ರೆಗಳ ಚಾರ್ಟ್ ಓದಿ ಕಾಯಿಲೆಗೆ ಸರಿಯಾದ ಕೋಡ್ ಹಾಕುವ ಕೆಲಸ. ಇನ್ಶೂರೆನ್ಸ್‌ನವರು ದುಡ್ಡು ಬಿಡುವುದು ಅದನ್ನು ನೋಡಿಯೇ. ಒಮ್ಮೆ ಪಕ್ಕದಲ್ಲಿ ಕೂತು ನೋಡಿದೆ. ಬರೀ ಟೈಪ್ 2 ಸಕ್ಕರೆ ಕಾಯಿಲೆ ಅಂತಿದ್ದರೆ ಇ11.9. ಆದರೆ ಡಾಕ್ಟರು ಇನ್ಯಾವುದೋ ಪುಟದ ಮೂಲೆಯಲ್ಲಿ ದೀರ್ಘಕಾಲದ ಕಿಡ್ನಿ ತೊಂದರೆಯೂ ಇದೆ ಅಂತ ಬರೆದಿದ್ದರೆ ಅದು ಇ11.22 ಆಗುತ್ತದೆ. ಕಿಡ್ನಿ ಯಾವ ಹಂತದಲ್ಲಿದೆ ಅನ್ನುವುದಕ್ಕೆ ಎನ್18 ಸಾಲಿನ ಕೋಡ್ ಬೇರೆ ಸೇರಿಸಬೇಕು. ಎದುರಿಗೆ ಎರಡು ಮಾನಿಟರ್. ಒಂದರಲ್ಲಿ ಡಿಸ್ಚಾರ್ಜ್ ಸಮರಿ, ಇನ್ನೊಂದರಲ್ಲಿ ಡಾಕ್ಟರ ನೋಟ್ಸ್. ಅತ್ತಿಗೆ ಹುಬ್ಬು ಗಂಟಿಕ್ಕಿಕೊಂಡು ಎರಡನ್ನೂ ತಾಳೆ ನೋಡುತ್ತಿದ್ದರು. ಕೈ ಮಾತ್ರ ಮಡಿಲಲ್ಲಿ. ಆಮೇಲೆ ಟಕಟಕ ಅಂತ ನಾಲ್ಕಾರು ಕೀ ಒತ್ತಿದರು, ಕೆಲಸ ಮುಗಿಯಿತು.

ಓದುತ್ತಾ ಓದುತ್ತಾ ನಡುವೆ ಒಮ್ಮೊಮ್ಮೆ ಮೌಸನ್ನು ಸುಮ್ಮನೆ ಅಲ್ಲಾಡಿಸುತ್ತಿದ್ದರು. ‘ಯಾಕತ್ತಿಗೆ?’ ಅಂದೆ. ‘ಇಲ್ದಿದ್ರೆ ನಾನಿಲ್ಲ ಅಂತ ಬರ್ಕೊಳ್ಳುತ್ತೆ ಕಣೋ’ ಅಂದರು.

ಇದರ ಒಳಗಿನ ಕತೆ ಬಹಳ ಸರಳ. ವಿಂಡೋಸ್‌ನಲ್ಲಿ ‘ಗೆಟ್‌ಲಾಸ್ಟ್‌ಇನ್‌ಪುಟ್‌ಇನ್‌ಫೋ’ ಅಂತ ಒಂದು ಫಂಕ್ಷನ್ ಇದೆ. ಕೊನೆಯ ಸಲ ಕೀಬೋರ್ಡನ್ನೋ ಮೌಸನ್ನೋ ಮುಟ್ಟಿದ್ದು ಯಾವಾಗ ಅಂತ ಅದು ಹೇಳುತ್ತದೆ. ಅಷ್ಟೇ. ಮ್ಯಾಕ್‌ನಲ್ಲೂ ಲಿನಕ್ಸ್‌ನಲ್ಲೂ ಇಂಥದ್ದೇ ವ್ಯವಸ್ಥೆ ಇದೆ. ಮುಟ್ಟಿ ಇಷ್ಟು ನಿಮಿಷ ದಾಟಿದರೆ ಐಡಲ್ ಅಂತ ಸಾಫ್ಟ್‌ವೇರ್ ಬರೆದುಕೊಳ್ಳುತ್ತದೆ. ಮೇಲೆ ಎಷ್ಟೇ ಬಣ್ಣದ ಗ್ರಾಫ್ ಹಾಕಿ ತೋರಿಸಿದರೂ ಸಾಮಾನ್ಯವಾಗಿ ಬುಡದಲ್ಲಿರುವುದು ಇದೇ.

ಹಾಗಾದರೆ ಆ ‘ಇಷ್ಟು ನಿಮಿಷ’ ಅಂದರೆ ಎಷ್ಟು? ನನ್ನ ತಕರಾರು ಇರುವುದೇ ಇಲ್ಲಿ. ಆಫೀಸಿನವರು ಚಾಟ್ ಮಾಡುವ ಆ್ಯಪ್‌ಗಳನ್ನೇ ನೋಡಿ. ಟೀಮ್ಸ್‌ನಲ್ಲಿ 5 ನಿಮಿಷಕ್ಕೆ ‘ಇದ್ದಾರೆ’ ಅನ್ನುವ ಹಸಿರು ಚುಕ್ಕೆ ಹಳದಿಯಾಗುತ್ತದೆ. ಸ್ಲ್ಯಾಕ್ 10 ನಿಮಿಷ ಕಾಯುತ್ತದೆ. ಅಂದರೆ 7 ನಿಮಿಷ ಕಣ್ಣು ಕೀಳದೆ ಚಾರ್ಟ್ ಓದಿದವರು ಒಂದರಲ್ಲಿ ನಾಪತ್ತೆ, ಇನ್ನೊಂದರಲ್ಲಿ ಹಾಜರ್!

ನನ್ನ ಲ್ಯಾಪ್‌ಟಾಪ್‌ನಲ್ಲೂ ಆ್ಯಕ್ಟಿವಿಟಿವಾಚ್ ಅಂತ ಇಂಥದ್ದೇ ಒಂದು ಸಾಫ್ಟ್‌ವೇರ್ ಹಾಕಿಕೊಂಡಿದ್ದೇನೆ. ಓಪನ್ ಸೋರ್ಸ್, ಮಾಹಿತಿಯೆಲ್ಲ ನಮ್ಮ ಕಂಪ್ಯೂಟರ್‌ನಲ್ಲೇ ಇರುತ್ತದೆ. ಅದರಲ್ಲಿ ಮೊದಲೇ ಇಟ್ಟುಕೊಟ್ಟ ಮಿತಿ 3 ನಿಮಿಷ. 4 ನಿಮಿಷ ಕೈ ಕಟ್ಟಿ ಓದಿದೆ ಅನ್ನಿ. 3 ದಾಟಿದ ಕೂಡಲೇ ಅದು ಹಿಂದಕ್ಕೆ ಹೋಗಿ ಕೊನೆಯ ಸಲ ಮುಟ್ಟಿದ ಕ್ಷಣದಿಂದಲೇ ನನ್ನನ್ನು ಗೈರುಹಾಜರು ಮಾಡುತ್ತದೆ. ಹೋಗುವುದು 1 ನಿಮಿಷ ಅಲ್ಲ, ಪೂರ್ತಿ 4. ಅದೇ ಮಿತಿಯನ್ನು 5ಕ್ಕೆ ಏರಿಸಿದರೆ ಆ ನಾಲ್ಕೂ ನಿಮಿಷ ಕೆಲಸದ ಲೆಕ್ಕಕ್ಕೆ ಬರುತ್ತದೆ. ಮನುಷ್ಯನೂ ಅವನೇ, ಕೆಲಸವೂ ಅದೇ. ಸೆಟ್ಟಿಂಗ್ಸ್‌ನಲ್ಲಿ ಒಂದು ಅಂಕಿ ಬದಲಾದರೆ ಸೋಮಾರಿ ಶ್ರಮಜೀವಿ ಆಗುತ್ತಾನೆ.

ನನಗೆ ಇದರಿಂದ ಉಪಯೋಗ ಇಲ್ಲ ಅಂತಲ್ಲ. ಮಧ್ಯಾಹ್ನದ ಹೊತ್ತು ಯೂಟ್ಯೂಬ್‌ನಲ್ಲಿ ಎಷ್ಟು ಹೋಯಿತು ಅಂತ ಚೆನ್ನಾಗಿ ಗೊತ್ತಾಗುತ್ತದೆ. ಆದರೆ ಅದನ್ನು ನೋಡುವವನೂ ನಾನೇ, ಮಿತಿ ಇಡುವವನೂ ನಾನೇ. ಸಂಬಳದ ಮಾತು ಬಂದಾಗ ಈ ಅಂಕಿಯನ್ನು ಇಟ್ಟವರು ಯಾರು, ಯಾಕೆ ಇಷ್ಟೇ ಇಟ್ಟರು ಅಂತ ಕೆಲಸಗಾರರಿಗೆ ಯಾರೂ ಹೇಳುವುದಿಲ್ಲ.

ಕಂಪನಿಯವರ ಕಡೆಯಿಂದಲೂ ಒಂದು ಮಾತಿದೆ, ಒಪ್ಪುತ್ತೇನೆ. ಒಂದೇ ಹೊತ್ತಲ್ಲಿ ಎರಡು ಕಡೆ ಸಂಬಳ ಎಣಿಸುವವರು ಇದ್ದಾರೆ. ಗಂಟೆ ಲೆಕ್ಕದಲ್ಲಿ ಬಿಲ್ ಮಾಡುವಾಗ ಕ್ಲೈಂಟ್ ಪುರಾವೆ ಕೇಳುತ್ತಾನೆ. ಆದರೆ ಅತ್ತಿಗೆಯ ಕೆಲಸಕ್ಕೆ ದಿನಕ್ಕೆ ಇಷ್ಟು ಚಾರ್ಟ್ ಅಂತ ಟಾರ್ಗೆಟ್ ಇದೆ. ಹಾಕಿದ ಕೋಡ್‌ಗಳನ್ನು ಇನ್ನೊಬ್ಬರು ಆಡಿಟ್ ಮಾಡುತ್ತಾರೆ. ಶೇಕಡಾ 95 ಸರಿ ಇರಬೇಕು. ಇಷ್ಟೆಲ್ಲ ಅಳತೆ ಇರುವಾಗ ಮೌಸ್ ಅಲ್ಲಾಡಿತೋ ಇಲ್ಲವೋ ಅನ್ನುವುದನ್ನು ಇಟ್ಟುಕೊಂಡು ಏನು ಮಾಡುತ್ತಾರೆ?

ಅಲ್ಲಾಡುವುದನ್ನೇ ಅಳೆದರೆ ಜನ ಅಲ್ಲಾಡಿಸುವುದನ್ನೇ ಕಲಿಯುತ್ತಾರೆ. ಮೌಸ್ ಜಿಗ್ಲರ್ ಅಂತ ಪುಟ್ಟ ಯಂತ್ರ ಆನ್‌ಲೈನ್‌ನಲ್ಲಿ ಸಿಗುತ್ತದೆ. ಮೇಲೆ ಮೌಸ್ ಇಟ್ಟರೆ ಕೆಳಗೆ ಬಿಲ್ಲೆ ತಿರುಗುತ್ತದೆ, ಕರ್ಸರ್ ಓಡಾಡುತ್ತದೆ. 2024ರ ಮೇ ತಿಂಗಳಲ್ಲಿ ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕು ಕೀಬೋರ್ಡ್ ಕೆಲಸ ನಡೆಯುತ್ತಿರುವಂತೆ ನಟಿಸಿದರು ಅಂತ ಹನ್ನೆರಡಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿತು. ಮೋಸ ಮೋಸವೇ, ಸರಿ. ಆದರೆ ಚಾರ್ಟ್ ಓದುತ್ತಾ ಮೌಸ್ ಅಲ್ಲಾಡಿಸುವ ನಮ್ಮ ಅತ್ತಿಗೆಯದೂ ನಟನೆಯೇ ಅಲ್ವಾ? ಕೆಲಸ ಮಾಡುತ್ತಿರುವವರೇ ಕೆಲಸ ಮಾಡುವ ನಟನೆ ಮಾಡಬೇಕಾದ ಗತಿ!

ಫ್ರಾನ್ಸ್‌ನಲ್ಲಿ ಇದು ದಂಡದವರೆಗೂ ಹೋಯಿತು. ಅಲ್ಲಿನ ಮಾಹಿತಿ ರಕ್ಷಣಾ ಸಂಸ್ಥೆ ಸಿಎನ್‌ಐಎಲ್ 2024ರ ಡಿಸೆಂಬರ್‌ನಲ್ಲಿ ಒಂದು ರಿಯಲ್ ಎಸ್ಟೇಟ್ ಕಂಪನಿಗೆ 40,000 ಯೂರೋ ದಂಡ ಹಾಕಿತು. ಆ ಕಂಪನಿಯ ಸಾಫ್ಟ್‌ವೇರ್ 3ರಿಂದ 15 ನಿಮಿಷ ಕೀಬೋರ್ಡ್, ಮೌಸ್ ಮುಟ್ಟದಿದ್ದರೆ ‘ನಿಷ್ಕ್ರಿಯ’ ಅಂತ ಬರೆದುಕೊಳ್ಳುತ್ತಿತ್ತು. ಅದಕ್ಕೆ ಸರಿಯಾದ ಕಾರಣ ಕೊಡದಿದ್ದರೆ ಸಂಬಳಕ್ಕೆ ಕತ್ತರಿ ಬೀಳಬಹುದಿತ್ತು. ಮೀಟಿಂಗು, ಫೋನು ಇವೂ ಕೆಲಸವೇ, ಹಾಗಾಗಿ ಇದರಿಂದ ಕೆಲಸದ ಸಮಯ ಸರಿಯಾಗಿ ಅಳೆಯಲು ಆಗುವುದಿಲ್ಲ ಅಂದಿತು ಸಿಎನ್‌ಐಎಲ್.

ನಮ್ಮಲ್ಲಿ? 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 7ನೇ ಕಲಮ್ಮಿನಲ್ಲಿ, ಉದ್ಯೋಗದ ಕಾರಣಕ್ಕೆ ಅಂದರೆ ನಿಮ್ಮ ಮಾಹಿತಿ ಬಳಸಲು ಕಂಪನಿಗೆ ನಿಮ್ಮ ಒಪ್ಪಿಗೆಯೇ ಬೇಡ ಅನ್ನುವ ದಾರಿ ಇದೆ. ಇನ್ನು ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಅನ್ನುತ್ತದೆ. ಈಗ ದಿನಕ್ಕೆ 8 ಗಂಟೆ ‘ಆ್ಯಕ್ಟಿವ್’ ತೋರಿಸಲೇಬೇಕು ಅಂತ ಇಟ್ಟರೆ ಏನಾಗುತ್ತದೆ? ಓದಿದ್ದು, ಯೋಚಿಸಿದ್ದು, ಟೀಮ್ ಲೀಡ್ ಜೊತೆ ಫೋನಲ್ಲಿ ಮಾತಾಡಿದ್ದು ಎಲ್ಲ ಕಳೆದು ಉಳಿದಿದ್ದು 8 ಆಗಬೇಕು. ಅದಕ್ಕೆ ಹತ್ತು, ಹನ್ನೊಂದು ಗಂಟೆ ಕೂರಲೇಬೇಕು. ರಿಜಿಸ್ಟರ್‌ನಲ್ಲಿ ಮಾತ್ರ 8 ಗಂಟೆಯೇ. 2024ರ ಜುಲೈನಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾವ ಬಂದಾಗ ಐಟಿ ನೌಕರರ ಸಂಘ ಕೆಐಟಿಯು ವಿರೋಧಿಸಿತು, ಪೇಪರ್‌ನಲ್ಲೆಲ್ಲ ಗದ್ದಲ ಆಯಿತು. ಈ ಐಡಲ್ ಟೈಮರ್ ಗದ್ದಲವೇ ಇಲ್ಲದೆ ಅದೇ ಕೆಲಸ ಮಾಡುತ್ತದೆ. ಕಾಯ್ದೆಗೆ ತಿದ್ದುಪಡಿಯೇ ಬೇಕಾಗಿಲ್ಲ.

ಹಾಗಾಗಿ ಹೊಸ ಕೆಲಸಕ್ಕೆ ಸೇರುವವರು ಸಂಬಳದ ಜೊತೆ ಇದನ್ನೂ ಎಚ್‌ಆರ್ ಹತ್ತಿರ ಕೇಳಿ: ಐಡಲ್ ಮಿತಿ ಎಷ್ಟು ನಿಮಿಷ? ಕಾಲ್‌ನಲ್ಲಿದ್ದ ಹೊತ್ತು ಯಾವ ಲೆಕ್ಕಕ್ಕೆ? ಆ ರಿಪೋರ್ಟ್ ನನಗೂ ಕಾಣಿಸುತ್ತದಾ? ಉತ್ತರವನ್ನು ಮೇಲ್‌ನಲ್ಲೇ ಕೇಳಿ, ಬಾಯಿಮಾತಲ್ಲಿ ಬೇಡ. ಈಗಾಗಲೇ ಕೆಲಸದಲ್ಲಿರುವವರು ನಿಮ್ಮಲ್ಲಿ ಎಷ್ಟು ನಿಮಿಷ ಇಟ್ಟಿದ್ದಾರೆ ಅಂತ ಕೆಳಗೆ ಬರೆಯಿರಿ. ಕಂಪನಿ ಹೆಸರು ಬೇಡ, ಅಂಕಿ ಸಾಕು.