ಬೆಳಕಿನ ಮನೆ, ಬಿಸಿಲಿನ ಮನೆ

ಮನೆ ನೋಡುವ ಪದ್ಧತಿ ನಮ್ಮ ಕಲಬುರಗಿಯಲ್ಲಿ ಈಗ ತಲೆಕೆಳಗಾಗಿದೆ. ಮೊದಲು ಜನರು ಓಣಿ ಓಣಿ ತಿರುಗಿ, ಗೇಟಿಗೆ ತೂಗುಹಾಕಿದ ‘ಮನೆ ಬಾಡಿಗೆಗೆ ಇದೆ’ ಎಂಬ ರಟ್ಟನ್ನು ಕಂಡು, ಪಕ್ಕದ ಕಿರಾಣಿ ಅಂಗಡಿಯವನ ಹತ್ತಿರ ಮಾಲೀಕರ ಸ್ವಭಾವವನ್ನೂ ನಳದ ನೀರು ಬರುವ ದಿನವನ್ನೂ ವಿಚಾರಿಸಿ, ಎಲ್ಲಕ್ಕಿಂತ ಕೊನೆಗೆ ಹೊಸ್ತಿಲು ದಾಟುತ್ತಿದ್ದರು. ಈಗ ಮೊದಲೇ ಒಳಗೆ ಹೋಗಿಬಿಡುತ್ತಾರೆ. ಫೋನಿನಲ್ಲಿ ಹಾಲ್, ಅಡುಗೆಮನೆ, ಬಚ್ಚಲು, ಬಾಲ್ಕನಿ ಎಲ್ಲವನ್ನೂ ನೋಡಿ ಮುಗಿಸಿದ ಮೇಲೆ ಮನೆ ಯಾವ ಓಣಿಯಲ್ಲಿದೆ ಎಂದು ಕೇಳುತ್ತಾರೆ. ಆಮೇಲೆ ಖುದ್ದಾಗಿ ಹೋಗಿ ನೋಡಿದವರ ಮುಖ ಸಣ್ಣಗಾಗುವುದು, ಜೊತೆಗೆ ಬಂದ ದಲ್ಲಾಳಿ ಆಚೆ ತಿರುಗಿ ಯಾರಿಗೋ ಫೋನು ಹಚ್ಚುವುದು, ಇವೆಲ್ಲ ಈ ಊರಿನಲ್ಲಿ ದಿನವೂ ನಡೆಯುವ ಸಂಗತಿಗಳು.

ಕೋಣೆ ಚಿತ್ರದಲ್ಲಿ ದೊಡ್ಡದಾಗಿ ಕಾಣುವುದರ ಗುಟ್ಟು ಬಹಳ ಸರಳವಾದದ್ದು. ಇಂದಿನ ಅನೇಕ ಫೋನುಗಳಲ್ಲಿ 0.5 ಎಂಬುದನ್ನು ಒತ್ತಿದರೆ ತೆರೆದುಕೊಳ್ಳುವ ಅಗಲ ನೋಟದ ಮಸೂರವಿರುತ್ತದೆ. ಹಳೆಯ 35 ಮಿ.ಮೀ. ಫಿಲ್ಮಿನ ಲೆಕ್ಕದಲ್ಲಿ ಅದರ ಸಂಗಮದೂರ ಸುಮಾರು 13 ಮಿ.ಮೀ.; ನಮ್ಮ ಕಣ್ಣಿಗೆ ಸಹಜವೆನಿಸುವ ನೋಟವನ್ನು ಕೊಡುವ ಮಸೂರದ್ದು ಸುಮಾರು 50 ಮಿ.ಮೀ. ಈ ಅಂಕಿ ಕಡಿಮೆಯಾದಷ್ಟೂ ನೋಟ ಅಗಲವಾಗುತ್ತದೆ. ಮೂಲೆಗೆ ಬೆನ್ನು ಹಚ್ಚಿ ನಿಂತು ಆ ಅಗಲ ನೋಟದ ಮಸೂರದಿಂದ ಚಿತ್ರ ತೆಗೆದರೆ, ಕತ್ತು ತಿರುಗಿಸದೆ ಕಾಣಲಾಗದ ಮೂರು ಗೋಡೆಗಳು ಒಂದೇ ಚೌಕಟ್ಟಿನಲ್ಲಿ ಸೇರಿಕೊಳ್ಳುತ್ತವೆ, ಎದುರಿನ ಗೋಡೆ ದೂರ ಸರಿಯುತ್ತದೆ, ಅಂಚಿನಲ್ಲಿರುವ ಮಂಚ ಉದ್ದವಾಗುತ್ತದೆ. ಹತ್ತು ಅಡಿಗೆ ಹತ್ತು ಅಡಿಯ ಕೋಣೆಯಲ್ಲಿ ಮಕ್ಕಳು ಓಡಿಯಾಡಬಹುದೆಂಬ ಭ್ರಮೆ ಹುಟ್ಟುತ್ತದೆ. ಆದರೆ ಈ ಮೋಸವನ್ನು ನಾನು ದೊಡ್ಡದೆಂದು ಎಣಿಸುವುದಿಲ್ಲ, ಏಕೆಂದರೆ ಟೇಪು ಹಿಡಿದರೆ ಅದು ಅಲ್ಲಿಯೇ ಬಯಲಾಗುತ್ತದೆ. ಹೊಸ ಅಪಾರ್ಟ್‌ಮೆಂಟುಗಳ ಮಟ್ಟಿಗೆ 2016ರ ರಿಯಲ್ ಎಸ್ಟೇಟ್ ಕಾಯ್ದೆಯೂ ನೆರವಿಗಿದೆ. ಹೊರಗೋಡೆ, ಬಾಲ್ಕನಿ, ತೆರೆದ ಮಾಳಿಗೆಗಳನ್ನು ಬಿಟ್ಟು ಒಳಗೆ ನಿಜವಾಗಿ ಬಳಸಲು ಸಿಗುವ ನೆಲವೆಷ್ಟು ಎಂಬುದಕ್ಕೆ ಅದು ಕಾರ್ಪೆಟ್ ಏರಿಯಾ ಎಂಬ ಖಚಿತ ಅರ್ಥವನ್ನು ಕೊಟ್ಟಿದೆ. ಹಾಲಿನ ಉದ್ದಗಲ ಹೀಗೆ ಕಾಗದದ ಮೇಲೆ ಬರುತ್ತದೆ, ಅದರ ಮಧ್ಯಾಹ್ನ ಮಾತ್ರ ಯಾವ ಕಾಗದದಲ್ಲಿಯೂ ಬರುವುದಿಲ್ಲ.

ನಿಜವಾದ ತೊಡಕು ಇರುವುದು ಬೆಳಕಿನಲ್ಲಿ. ಕ್ಯಾಮೆರಾ ಬದುಕುವುದು ಬೆಳಕಿನ ಮೇಲೆ. ಕಲಬುರಗಿಯವರು ಬೇಸಿಗೆಯುದ್ದಕ್ಕೂ ಬದುಕುವುದು ಅದರಿಂದ ತಪ್ಪಿಸಿಕೊಂಡು. ಆದ್ದರಿಂದ ಈ ಊರಿನಲ್ಲಿ ಒಂದು ಮನೆ ಚಿತ್ರದಲ್ಲಿ ಎಷ್ಟು ಬೆಳ್ಳಗೆ ಬಂದಿದೆಯೋ ಅದರ ಮೇ ತಿಂಗಳನ್ನು ನಾನು ಅಷ್ಟೇ ಅನುಮಾನದಿಂದ ನೋಡುತ್ತೇನೆ. ನಮ್ಮ ಊರು ಇರುವುದು 17 ಡಿಗ್ರಿ ಉತ್ತರ ಅಕ್ಷಾಂಶದ ಸುತ್ತಮುತ್ತ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ನಡುಹಗಲ ಸೂರ್ಯ ಅಕ್ಷರಶಃ ನೆತ್ತಿಯ ಮೇಲಿರುತ್ತಾನೆ. ಬಿಸಿಲಿನ ಮೊದಲ ಪೆಟ್ಟು ಬೀಳುವುದು ಚಾವಣಿಗೆ, ಎರಡನೆಯದು ಪಶ್ಚಿಮದ ಗೋಡೆಗೆ. ಚಾವಣಿಯ ಚಿತ್ರವನ್ನು ಯಾರೂ ಹಾಕುವುದಿಲ್ಲ. ಪಶ್ಚಿಮದ ಗೋಡೆಯ ಚಿತ್ರವನ್ನು ಹಾಕುತ್ತಾರೆ, ಆದರೆ ಬೆಳಿಗ್ಗೆ ತೆಗೆದದ್ದನ್ನು.

ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ನೌಕರಿ ಸಿಕ್ಕ ನನ್ನ ತಂಗಿಯ ಮಗ ಮನೆ ಹುಡುಕುತ್ತಿದ್ದಾಗ ಜೇವರ್ಗಿ ರಸ್ತೆಯ ಕಡೆಯ ಒಂದು ಫ್ಲ್ಯಾಟಿನ ಚಿತ್ರಗಳನ್ನು ನನಗೆ ಕಳಿಸಿ, “ಮಾಮಾ, ಬೆಳಕು ನೋಡ್ರಿ, ಹಗಲೊತ್ತು ಲೈಟೇ ಬ್ಯಾಡ” ಎಂದು ಹಿಗ್ಗಿದ್ದ. ಹಿಗ್ಗುವಂತೆಯೇ ಇತ್ತು. ಗೋಡೆಯ ತುಂಬ ಜಾರುಗಾಜಿನ ಕಿಟಕಿ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸು, ಮಲ್ಲಿಗೆಯ ಬಣ್ಣದ ಗೋಡೆ. ನಾವು ಹೋದದ್ದು ಊಟದ ನಂತರದ ಹೊತ್ತಿನಲ್ಲಿ, ಮೇ ತಿಂಗಳಿನಲ್ಲಿ, ಮೇಲಂತಸ್ತಿಗೆ. ಚಿತ್ರದಲ್ಲಿದ್ದ ಕಿಟಕಿ, ಟೈಲ್ಸು, ಬಣ್ಣ ಎಲ್ಲವೂ ಇದ್ದಲ್ಲಿಯೇ ಇದ್ದವು, ಯಾವುದೂ ಸುಳ್ಳಾಗಿರಲಿಲ್ಲ; ಆದರೆ ಆ ಕಿಟಕಿಯಿಂದ ಬರುತ್ತಿದ್ದುದನ್ನು ಬೆಳಕು ಎಂದು ಕರೆಯಲು ಬಾಯಿ ಬರುತ್ತಿರಲಿಲ್ಲ. ಅಡುಗೆಮನೆಯ ನಳವನ್ನು ತಿರುವಿದರೆ ಮಾಳಿಗೆಯ ಮೇಲಿನ ಕರಿಯ ಟ್ಯಾಂಕಿನಿಂದ ಚಹಾಕ್ಕೆ ಅರ್ಧ ಕಾದ ನೀರೇ ಬಂತು. ನಾವು ಏನೂ ಕೇಳದಿದ್ದರೂ ದಲ್ಲಾಳಿ ತಾನಾಗಿಯೇ, “ಒಂದು ಎಸಿ ಕುಂದರಿಸಿದ್ರ ಮುಗೀತ್ ನೋಡ್ರಿ ಸರ್” ಎಂದ. ಕಾಂಕ್ರೀಟಿನ ಚಾವಣಿ ಹಗಲೆಲ್ಲ ಕುಡಿದ ಕಾವನ್ನು ರಾತ್ರಿಯೆಲ್ಲ ಬಿಡುತ್ತದೆ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ವಾಸ್ತುವಿನ ಕಡೆಯಿಂದಲೂ ಈ ಮನೆಗೆ ಪೂರ್ಣ ಅಂಕ. ಪೂರ್ವಕ್ಕೆ ಬಾಗಿಲು, ನೈಋತ್ಯಕ್ಕೆ ಯಜಮಾನನ ಮಲಗುವ ಕೋಣೆ. ಸಂಜೆಯ ಬಿಸಿಲು ತಟ್ಟುವ ಮೂಲೆಯಲ್ಲಿಯೇ ಯಜಮಾನನು ಮಲಗಬೇಕು ಎಂಬುದು ಯಾವ ಊರಿನ ಹವೆಯನ್ನು ಕಂಡವರು ಹೇಳಿದ ಮಾತೋ, ಇರಲಿ.

ಮರುದಿನ ನೋಡಿದ್ದು ಬ್ರಹ್ಮಪುರದ ಒಂದು ಹಳೆಯ ಮನೆ. ಅದರ ಚಿತ್ರಗಳನ್ನು ಅವನು ನನಗೆ ತೋರಿಸಿಯೂ ಇರಲಿಲ್ಲ, ತೋರಿಸುವಂತೆಯೂ ಇರಲಿಲ್ಲ. ಒಂದರಲ್ಲಿ ಕತ್ತಲೆ, ಇನ್ನೊಂದರಲ್ಲಿ ಕತ್ತಲೆಯ ನಡುವೆ ಒಂದು ಟ್ಯೂಬ್‌ಲೈಟು, ಮೂರನೆಯದರಲ್ಲಿ ಕಪ್ಪು ಬೂದಿ ಬಣ್ಣದ ನೆಲ. ಖುದ್ದಾಗಿ ಹೋದಾಗ ಗೊತ್ತಾದದ್ದೇನೆಂದರೆ, ಆ ಮನೆಯ ಗುಣಗಳೆಲ್ಲವೂ ಚಿತ್ರಕ್ಕೆ ಅವಗುಣಗಳಾಗಿದ್ದವು. ಮೊಳಕ್ಕಿಂತ ದಪ್ಪವಾದ ಕಲ್ಲಿನ ಗೋಡೆಗಳಿದ್ದುದರಿಂದ ಕೋಣೆಗಳು ಕಿರಿದಾಗಿ ಕಂಡಿದ್ದವು. ಕಿಟಕಿಗಳು ಸಣ್ಣವಾಗಿ ಎತ್ತರದಲ್ಲಿದ್ದುದರಿಂದ ಕ್ಯಾಮೆರಾಕ್ಕೆ ಬೆಳಕು ಸಾಲದಾಗಿತ್ತು. ಮಣ್ಣಿನ ಮಾಳಿಗೆಯನ್ನು ಹೊತ್ತ ತೊಲೆಗಳು ಹೊಗೆಗೆ ಕರಿದಾಗಿದ್ದುದರಿಂದ ಮೇಲೆ ಏನಿದೆ ಎಂಬುದೇ ತಿಳಿದಿರಲಿಲ್ಲ. ಒಳಗೆ ಕಾಲಿಟ್ಟೊಡನೆ ಬೆವರು ನಿಂತಿತು. ನೆಲಕ್ಕಿದ್ದುದು ಶಹಾಬಾದದ ಪರಸಿ. ಮಣ್ಣಿಗೆ ತಾಗಿಕೊಂಡು ಕುಳಿತ ಆ ಕಲ್ಲು ಬರಿಗಾಲಿಗೆ ಕೊಡುವ ತಂಪನ್ನು ತೋರಿಸುವ ಮಸೂರವನ್ನು ಇನ್ನೂ ಯಾರೂ ತಯಾರಿಸಿಲ್ಲ. ನಮ್ಮ ಜಿಲ್ಲೆಯ ಈ ಸುಣ್ಣಗಲ್ಲಿನ ಹಣೆಬರಹವೂ ವಿಚಿತ್ರವಾದದ್ದು. ಶಹಾಬಾದ, ಚಿತ್ತಾಪುರ, ಸೇಡಂಗಳ ನೆಲದಡಿಯಿಂದ ಹಾಸುಗಲ್ಲಾಗಿ ಎದ್ದು ಬಂದರೆ ಕಾಲಡಿಯಲ್ಲಿ ತಣ್ಣಗಿರುತ್ತದೆ. ಅದೇ ಪ್ರದೇಶದ ಸುಣ್ಣಗಲ್ಲು ವಾಡಿ, ಮಳಖೇಡಗಳ ಕಾರ್ಖಾನೆಗಳಲ್ಲಿ ಸುಟ್ಟು ಸಿಮೆಂಟಾಗಿ ಬಂದರೆ ತಲೆಯ ಮೇಲೆ ಚಾವಣಿಯಾಗಿ ಕಾಯುತ್ತದೆ.

ನೆರಳಿಗಾಗಿಯೇ ಕಟ್ಟಿದ ಕಟ್ಟಡವನ್ನು ಚಿತ್ರ ಎಷ್ಟು ಹಿಡಿಯಬಲ್ಲದು ಎಂಬುದಕ್ಕೆ ಕೋಟೆಯೊಳಗಿನ ಜಾಮಿ ಮಸೀದಿಗಿಂತ ಒಳ್ಳೆಯ ಪರೀಕ್ಷೆ ಈ ಊರಿನಲ್ಲಿಲ್ಲ. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ಕಟ್ಟಡಕ್ಕೆ ಗುಮ್ಮಟಗಳ ಹೊದಿಕೆಯಿದೆ, ಬೆಳಕು ಬದಿಯ ಕಮಾನುಗಳಿಂದ ಓರೆಯಾಗಿ ಬರುತ್ತದೆ. ಪ್ರವಾಸಿಗರು ತೆಗೆಯುವ ಕಮಾನುಸಾಲಿನ ಚಿತ್ರಗಳು ಬಹಳ ಚೆನ್ನಾಗಿರುತ್ತವೆ. ಆದರೂ 40 ಡಿಗ್ರಿ ದಾಟಿದ ಮಧ್ಯಾಹ್ನ ಹೊರಗಿನ ಬಯಲನ್ನು ದಾಟಿ ಒಳಗೆ ಹೋದವರಿಗೆ ಚಿತ್ರವು ಕಟ್ಟಡಕ್ಕಿಂತ ಬಹಳ ಬಡವೆನಿಸುತ್ತದೆ. ಮಾರಾಟದ ಮನೆಗಳ ವಿಷಯದಲ್ಲಿ ಹೀಗೆ ಉಲ್ಟಾ ಆಗುವುದು ಅಪರೂಪ.

ನಿವೇಶನಗಳ ಚಿತ್ರಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಿಂಗ್ ರೋಡಿನಾಚೆಯ ಎನ್‌ಎ (ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಜಮೀನಿನ) ಲೇಔಟುಗಳನ್ನು ಮಳೆ ಬಿದ್ದ ಮೇಲೆ, ಡ್ರೋನ್ ಹಾರಿಸಿ, ಹಸಿರಿನ ನಡುವೆ ತೆಗೆದಿರುತ್ತಾರೆ. ಅದೇ ಎರೆಭೂಮಿ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ನೀರು ಕುಡಿದಾಗ ಹಿಗ್ಗಿ ಒಣಗಿದಾಗ ಕುಗ್ಗುವ ಈ ಮಣ್ಣಿನ ಮೇಲೆ ಪಾಯವನ್ನು ಗಟ್ಟಿನೆಲ ಹತ್ತುವವರೆಗೆ ಇಳಿಸದಿದ್ದರೆ ಬಿರುಕು ಗೋಡೆಗೂ ಏರುತ್ತದೆ, ಮತ್ತು ಚಿತ್ರ ತೆಗೆಯುವ ಮುಂಚೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಆ ಬಿರುಕು ಒಂದು ವರ್ಷದ ಮಟ್ಟಿಗೆ ರಜೆಯ ಮೇಲೆ ಹೋಗುತ್ತದೆ. ಹಳೆಯ ಮನೆ ಕೊಳ್ಳುವವರು ಕಿಟಕಿಯ ಮೂಲೆಗಳಲ್ಲಿ ಓರೆಯಾದ ಗೆರೆಗಳನ್ನು ಹುಡುಕಬೇಕು, ಅದನ್ನೂ ಬೇಸಿಗೆಯಲ್ಲಿ ಹುಡುಕಬೇಕು.

ನನ್ನ ಅಳಿಯ ಬ್ರಹ್ಮಪುರದ ಮನೆಯನ್ನೇ ಹಿಡಿದ. ಮಾಲೀಕಳಾದ ಮುದುಕಿಗೆ ಇದು ನಂಬಲಾಗದ ಸಂಗತಿಯಾಗಿತ್ತು. “ಫೋಟೋದಾಗ ಕತ್ತಲ ಕಾಣ್ತದಂತ ಮಂದಿ ಬರೋದೇ ಬಿಟ್ಟಾರಪ್ಪ” ಎಂದು ಆಕೆ ನಮ್ಮೆದುರಿಗೆ ಹೇಳಿಕೊಂಡರು. ಪಕ್ಕದ ಭಾಗವನ್ನಾದರೂ ಜನ ಮೆಚ್ಚುವಂತೆ ಮಾಡಬೇಕೆಂದು ಅವರ ಮಗ ಅಷ್ಟರಲ್ಲಾಗಲೇ ಕೆಲಸ ಹಚ್ಚಿದ್ದ. ಪಶ್ಚಿಮದ ದಪ್ಪ ಗೋಡೆಯನ್ನು ಒಡೆದು ಆರಡಿಯ ಕಿಟಕಿ ಕೂರಿಸಿದ್ದ, ಪರಸಿಯ ಮೇಲೆ ಬಿಳಿಯ ಟೈಲ್ಸು ಹಾಸಿದ್ದ, ತೊಲೆಗಳು ಕಾಣದಂತೆ ಪಿಒಪಿ ಹೊಡೆಸಿದ್ದ. ಆ ಭಾಗದ ಚಿತ್ರಗಳು ನಿಜಕ್ಕೂ ಬೆಳ್ಳಗೆ ಬಂದವು, ಬಾಡಿಗೆಯೂ ಹೆಚ್ಚು ಬಂತು. ಮುಂದಿನ ಬೇಸಿಗೆಯಲ್ಲಿ ಅಲ್ಲಿಗೆ ಬಂದ ಸಂಸಾರ ಕಾವು ತಾಳಲಾರದೆ ಒಂದು ದೊಡ್ಡ ಕೂಲರ್ ತಂದಿತು. ಕೂಲರಿಗೆ ಹೊರಗಿನ ಗಾಳಿ ಬೇಕು, ಆದ್ದರಿಂದ ಅದನ್ನು ಆ ಹೊಸ ಕಿಟಕಿಗೇ ಹೊರಗಿನಿಂದ ಕಟ್ಟಿ, ಉಳಿದ ಜಾಗಕ್ಕೆ ಬಿಸಿಲು ಬಾರದಂತೆ ಪ್ಲೈವುಡ್ ಹೊಡೆದರು. ಕೋಣೆ ಮೊದಲಿನಷ್ಟೇ ಕತ್ತಲಾಗಿದೆ. ಮಗ ಮಾತ್ರ ಚಿಂತೆ ಮಾಡಿಲ್ಲ. ಮನೆ ಖಾಲಿಯಾದಾಗ ಹಾಕಲು ಹಳೆಯ ಚಿತ್ರಗಳು ಅವನ ಫೋನಿನಲ್ಲಿವೆ.