ಒಬ್ಬಳಿಗೆ ಮಾತ್ರ ಯಾಕೆ ಸಾಕ್ಷಿ ಕೇಳ್ತೀರಿ?

ನಿನ್ನೆ ಸಂಜೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬರೆದೇ ಮಲಗುತ್ತೇನೆ.

ಹಳೆ ಸಿನಿಮಾ ತೋರಿಸುವ ಒಂದು ಗುಂಪಿನವರು ಹಾಲಿವುಡ್ ನಟಿ ಗ್ರೆಟಾ ಗಾರ್ಬೊ ಚಿತ್ರ ಹಾಕಿದ್ದರು. ಆ ಮುಖವನ್ನು ದೊಡ್ಡ ಪರದೆ ಮೇಲೆ ನೋಡುವುದೇ ಒಂದು ಸುಖ. ಚಿತ್ರ ಮುಗಿದ ಮೇಲೆ ಒಬ್ಬರು ಮಾತಾಡಿದರು. ನಟ ಜಾನ್ ಗಿಲ್ಬರ್ಟ್ ಜೊತೆಗಿನ ಪ್ರೇಮದ ಕಥೆ, 1926ರಲ್ಲಿ ಮದುವೆ ದಿನ ಗಾರ್ಬೊ ಬರಲೇ ಇಲ್ಲ ಅನ್ನೋ ಕಥೆ. ಎಲ್ಲರೂ ಕಣ್ಣರಳಿಸಿ ಕೇಳಿದರು. ಆಮೇಲೆ ನಾನು ಎದ್ದು ನಿಂತು, ಗಾರ್ಬೊ ಪ್ರೇಯಸಿಯಾಗಿದ್ದಳು ಅನ್ನೋ ಲೇಖಕಿ ಮರ್ಸಿಡಿಸ್ ಡಿ ಅಕೋಸ್ಟಾ ಬಗ್ಗೆ ಕೇಳಿದೆ. ‘ಅಯ್ಯೋ, ಅದೆಲ್ಲ ಆ ಹೆಂಗಸು ಕಟ್ಟಿದ ಕಥೆ ಮೇಡಂ, ಸಾಕ್ಷಿ ಎಲ್ಲಿದೆ?’ ಅಂದರು. ಸುತ್ತ ಇದ್ದವರು ನಕ್ಕರು. ನಾನು ಕೂತೆ. ಅದಕ್ಕೇ ಜಾಸ್ತಿ ಸಿಟ್ಟು, ಸುಮ್ನೆ ಕೂತುಬಿಟ್ಟೆನಲ್ಲ ಅಂತ.

ಎರಡು ವರ್ಷದಿಂದ ನಾನು ಇದರ ಹಿಂದೆ ಬಿದ್ದಿರುವುದು ನಿಮಗೆಲ್ಲ ಗೊತ್ತು. ಹಾಗಾಗಿ ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಹೇಳುತ್ತೇನೆ.

ಮರ್ಸಿಡಿಸ್ ನ್ಯೂಯಾರ್ಕಿನ ಸ್ಪ್ಯಾನಿಷ್ ಮೂಲದ ಶ್ರೀಮಂತ ಮನೆಯ ಮಗಳು. ಕವಿ, ನಾಟಕಕಾರ್ತಿ, ಕಾದಂಬರಿಯನ್ನೂ ಬರೆದವಳು. ಹಾಲಿವುಡ್‌ಗೆ ಕಥೆ ಬರೆಯಲು ಬಂದಾಗ, 1931ರಲ್ಲಿ, ಗಾರ್ಬೊ ಗೆಳತಿ ಸಾಲ್ಕಾ ಫೀರ್ಟೆಲ್ ಮನೆಯಲ್ಲಿ ಗಾರ್ಬೊ ಸಿಕ್ಕಳು. ಮರ್ಸಿಡಿಸ್ ಕೈಯಲ್ಲಿದ್ದ ದಪ್ಪ ಬಳೆಯ ಮೇಲೆ ಗಾರ್ಬೊ ಕಣ್ಣು ಬಿತ್ತಂತೆ. ನಿನಗೆಂದೇ ಬರ್ಲಿನ್ನಲ್ಲಿ ಕೊಂಡಿದ್ದು ಅಂತ ಇವಳು ಅಲ್ಲೇ ಬಿಚ್ಚಿ ಕೊಟ್ಟಳಂತೆ. ಆ ಬೇಸಿಗೆಯಲ್ಲಿ ಇಬ್ಬರೂ ಸಿಯೆರಾ ನೆವಾಡಾ ಬೆಟ್ಟಗಳ ನಡುವಿನ ಸಿಲ್ವರ್ ಲೇಕ್‌ಗೆ ಹೋಗಿ ಒಂದು ಮರದ ಮನೆಯಲ್ಲಿ ಇದ್ದರು. ಇದನ್ನೆಲ್ಲ ಮರ್ಸಿಡಿಸ್ 1960ರಲ್ಲಿ ‘ಹಿಯರ್ ಲೈಸ್ ದ ಹಾರ್ಟ್’ ಅನ್ನೋ ಆತ್ಮಕಥೆಯಲ್ಲಿ ಬರೆದಳು. ಪ್ರೇಮ ಅಂತ ಬಾಯಿಬಿಟ್ಟು ಎಲ್ಲೂ ಹೇಳಲಿಲ್ಲ. ಹೇಳುವ ಕಾಲವೂ ಅದಾಗಿರಲಿಲ್ಲ. ಆದರೂ ಗಾರ್ಬೊ ಆಮೇಲೆ ಅವಳ ಮುಖ ನೋಡಲಿಲ್ಲ.

ಈಗ ಸಾಕ್ಷಿ ವಿಷಯಕ್ಕೆ ಬರೋಣ.

ಗಾರ್ಬೊ ಬರೆದ ಕಾಗದಗಳನ್ನು ಮರ್ಸಿಡಿಸ್ ಇಟ್ಟುಕೊಂಡಿದ್ದಳು. ಸುಡಲು ಮನಸ್ಸು ಬರಲಿಲ್ಲ. ಫಿಲಡೆಲ್ಫಿಯಾದ ರೋಸೆನ್‌ಬಾಕ್ ಮ್ಯೂಸಿಯಂಗೆ ಕೊಟ್ಟಳು. ಇಬ್ಬರೂ ಸತ್ತು ಹತ್ತು ವರ್ಷ ಆಗುವ ತನಕ ತೆರೆಯಬಾರದು ಅನ್ನೋ ಕರಾರಿನ ಮೇಲೆ. ಮರ್ಸಿಡಿಸ್ 1968ರಲ್ಲಿ ಹೋದಳು, ಗಾರ್ಬೊ 1990ರ ಏಪ್ರಿಲ್‌ನಲ್ಲಿ. 2000ದ ಏಪ್ರಿಲ್‌ನಲ್ಲಿ ಪೆಟ್ಟಿಗೆ ತೆರೆದರು. 55 ಕಾಗದ, ಜೊತೆಗೆ ಕಾರ್ಡು, ಟೆಲಿಗ್ರಾಂ. ಕಾಗದದ ಮೇಲೆ ಕಾಲಿಟ್ಟು ಸುತ್ತ ಗೆರೆ ಎಳೆದ, ಗಾರ್ಬೊ ಪಾದದ ಅಳತೆಯೂ ಅದರಲ್ಲಿತ್ತು. ‘ಪ್ರೇಮಪತ್ರ ಇಲ್ಲ’ ಅಂತ ಪತ್ರಿಕೆಗಳು ಬರೆದವು. ಸಾಕ್ಷಿ ಇಲ್ಲ ಅಂತ ಗಾರ್ಬೊ ಮನೆಯವರು ಹೇಳಿದರು. ಅಷ್ಟಕ್ಕೇ ಫೈಲ್ ಮುಚ್ಚಿಬಿಟ್ಟರು.

ಸಂದರ್ಶನವನ್ನೇ ಅಪರೂಪಕ್ಕೆ ಕೊಡುತ್ತಿದ್ದ, ಆಟೋಗ್ರಾಫ್ ಕೊಡದ, ಕ್ಯಾಮೆರಾ ಕಂಡರೆ ಕೈ ಅಡ್ಡ ಹಿಡಿಯುತ್ತಿದ್ದ ಹೆಂಗಸು ಕಾಗದದಲ್ಲಿ ‘ನಿನ್ನನ್ನು ಪ್ರೀತಿಸುತ್ತೇನೆ’ ಅಂತ ಬರೆದು ಸಹಿ ಹಾಕಿರಬೇಕಿತ್ತಾ? ಇಷ್ಟು ವರ್ಷ ಇಷ್ಟು ಕಾಗದ ಬರೆದದ್ದು, ಪಾದದ ಅಳತೆ ಕೊಟ್ಟದ್ದು, ಇದು ಯಾವುದೂ ಲೆಕ್ಕಕ್ಕಿಲ್ಲವಾ? ಅದೂ ಒಂದು ಕಡೆಯ ಕಾಗದಗಳು ಮಾತ್ರ. ಅರ್ಧ ಮಾತು ಕೇಳಿಸಿಕೊಂಡು ತೀರ್ಪು ಕೊಡುವುದು ಹೇಗೆ ಸರಿ?

ಮತ್ತೆ ಗಿಲ್ಬರ್ಟ್ ಮದುವೆ ಕಥೆ! ಅದಕ್ಕೆ ಯಾವ ಸಾಕ್ಷಿ ಇದೆ ಹೇಳಿ. ಎಷ್ಟೋ ವರ್ಷ ಕಳೆದ ಮೇಲೆ ಒಬ್ಬರು ನೆನಪಿಸಿಕೊಂಡು ಹೇಳಿದ್ದು, ಅದೇ ದಿನ ಬೇರೊಬ್ಬರನ್ನು ಮದುವೆಯಾದ ನಟಿ ಎಲಿನೋರ್ ಬೋರ್ಡ್‌ಮನ್. ಗಾರ್ಬೊ ಜೀವನಚರಿತ್ರೆ ಬರೆದವರಲ್ಲೇ ಕೆಲವರು ಅದನ್ನು ನಂಬುವುದಿಲ್ಲ. ಆದರೆ ಸಭೆಯಲ್ಲಿ ಅದು ಇತಿಹಾಸ. ಫೋಟೋಗ್ರಾಫರ್ ಸೆಸಿಲ್ ಬೀಟನ್ ಕೂಡ ಗಾರ್ಬೊ ಜೊತೆಗಿನ ತನ್ನ ಸಂಬಂಧವನ್ನು ಡೈರಿಯಲ್ಲಿ ಬರೆದು, 1972ರಲ್ಲಿ ಅವಳು ಬದುಕಿರುವಾಗಲೇ ಅಚ್ಚು ಹಾಕಿಸಿದ. ಅವನನ್ನು ಒರಟ ಅಂದರು, ಮಾತು ಉಳಿಸಿಕೊಳ್ಳದವ ಅಂದರು, ಆದರೆ ಸುಳ್ಳುಗಾರ ಅಂತ ನಿನ್ನೆ ಯಾರೂ ನಗಲಿಲ್ಲ. ಗಂಡಸಿನ ಜೊತೆಗಿನ ಪ್ರೇಮವಾದರೆ ನೆನಪು, ಹೆಂಗಸಿನ ಜೊತೆಗಿನದಾದರೆ ಕಟ್ಟುಕಥೆ. ಇದೇ ನನ್ನ ತಕರಾರು. ಬೇರೇನೂ ಇಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ನಾಲ್ಕೈದು ವರ್ಷದ ಹಿಂದೆ ಇಲ್ಲೇ ಗಿಲ್ಬರ್ಟ್ ಮದುವೆ ಕಥೆ ಬರೆದವಳು ನಾನೇ. ನಿಮ್ಮಲ್ಲಿ ತುಂಬಾ ಜನ ಶೇರ್ ಮಾಡಿದ್ದಿರಿ. ಒಂದು ಕ್ಷಣವೂ ಸಾಕ್ಷಿ ಹುಡುಕಿರಲಿಲ್ಲ. ಅದು ನನ್ನ ತಪ್ಪು, ಕ್ಷಮೆ ಇರಲಿ.

ಮರ್ಸಿಡಿಸ್ ಪುಸ್ತಕದಲ್ಲಿ ತಪ್ಪುಗಳಿವೆ, ನಿಜ. ಸಿಲ್ವರ್ ಲೇಕ್‌ನಲ್ಲಿ ಆರು ವಾರ ಇದ್ದೆವು ಅಂತಾಳೆ, ಶೂಟಿಂಗ್ ದಿನಗಳ ಲೆಕ್ಕ ಹಾಕಿದರೆ ಅಷ್ಟು ದಿನ ಕೂಡಿಬರುವುದಿಲ್ಲ. ಸರಿ, ಮೂವತ್ತು ವರ್ಷದ ನಂತರ ಬರೆದದ್ದು. ಖುಷಿಯಾಗಿದ್ದ ದಿನಗಳು ನೆನಪಿನಲ್ಲಿ ಉದ್ದವಾಗುವುದಿಲ್ಲವಾ? ವಾರದ ಲೆಕ್ಕ ತಪ್ಪಿತು ಅಂತ ಹೋದದ್ದೇ ಸುಳ್ಳಾಗುತ್ತಾ?

ಅವಳನ್ನು ಸುಳ್ಳುಗಾತಿ ಅನ್ನುವವರು ರಾಸ್ಪುಟಿನ್ ಪ್ರಸಂಗ ಕೇಳಬೇಕು. 1932ರಲ್ಲಿ ಎಂಜಿಎಂ ಸ್ಟುಡಿಯೋ, ರಷ್ಯಾದ ರಾಜಮನೆತನಕ್ಕೆ ಹತ್ತಿರವಾಗಿದ್ದ ರಾಸ್ಪುಟಿನ್ ಎಂಬ ಬೈರಾಗಿಯ ಕುರಿತ ಚಿತ್ರಕ್ಕೆ ಕಥೆ ಬರೆಯಲು ಅವಳನ್ನು ಹಾಕಿತ್ತು. ಬದುಕಿದ್ದ ಒಬ್ಬ ರಾಜಕುಮಾರಿಗೂ ರಾಸ್ಪುಟಿನ್‌ಗೂ ನಂಟು ಕಲ್ಪಿಸುವ ದೃಶ್ಯ ಬೇಕು ಅಂದರು. ನಡೆಯದ್ದನ್ನು ಬರೆಯಲ್ಲ ಅಂದಳು, ಕೆಲಸ ಹೋಯಿತು. ಅವಳೇ ಬರೆದುಕೊಂಡಿದ್ದಾಳೆ. ಇದನ್ನೂ ನಂಬಬೇಡಿ ಬೇಕಾದರೆ. ಆದರೆ ಆ ರಾಜಕುಮಾರಿ, ಇರಿನಾ ಯುಸುಪೊವ್, ಆ ಚಿತ್ರದ ವಿರುದ್ಧ ಲಂಡನ್ ಕೋರ್ಟಿಗೆ ಹೋಗಿ 1934ರಲ್ಲಿ 25,000 ಪೌಂಡ್ ಪರಿಹಾರ ಗೆದ್ದದ್ದು ದಾಖಲೆಯಲ್ಲಿದೆ. ಸಿನಿಮಾಗಳಲ್ಲಿ ‘ಇಲ್ಲಿನ ಪಾತ್ರಗಳು ಕಾಲ್ಪನಿಕ’ ಅಂತ ಹಾಕುವ ರೂಢಿ ಬೆಳೆದದ್ದು ಆ ಕೇಸಿನಿಂದ.

ಗಾರ್ಬೊಗೆ ಗುಟ್ಟು ಬೇಕಿತ್ತು, ನಾವು ಕೆದಕಬಾರದು ಅಂತ ನಿನ್ನೆ ಇನ್ನೊಬ್ಬರು ಅಂದರು. ನಾನೂ ತುಂಬಾ ದಿನ ಹಾಗೇ ಯೋಚಿಸಿದ್ದೆ. ಆದರೆ ಗಿಲ್ಬರ್ಟ್ ವಿಷಯ ಬಂದಾಗ ಈ ಗುಟ್ಟಿನ ನೆನಪು ಯಾರಿಗೂ ಆಗಲ್ಲ. ಮರ್ಸಿಡಿಸ್ ಹೆಸರು ಬಂದ ಕೂಡಲೇ ಆಗುತ್ತೆ.

ನಮ್ಮವರಿಗೆ ಗೊತ್ತಿರಬೇಕಾದ ಇನ್ನೊಂದು ವಿಷಯ. 1938ರಲ್ಲಿ ಈಕೆ ತಿರುವಣ್ಣಾಮಲೈಗೆ ಬಂದಿದ್ದಳು. ರಮಣ ಮಹರ್ಷಿಗಳ ಬಗ್ಗೆ ಇಂಗ್ಲಿಷ್ ಲೇಖಕ ಪಾಲ್ ಬ್ರಂಟನ್ ಬರೆದ ಪುಸ್ತಕ ಓದಿ, ಅವರನ್ನು ನೋಡಲು. ಇದ್ದದ್ದು ಮೂರೇ ದಿನ. ಅವಳ ಆತ್ಮಕಥೆ ಅರ್ಪಣೆಯಾಗಿರುವುದು ಗಾರ್ಬೊಗೆ ಅಲ್ಲ, ರಮಣರಿಗೆ. ಅಹಂಕಾರವೇ ಇಲ್ಲದವರು ಅಂತ ನಾನು ಕಂಡದ್ದು ಇವರೊಬ್ಬರನ್ನೇ ಅಂತ ಬರೆದಿದ್ದಾಳೆ. ಆ ಪುಟ ಓದಿದಾಗ ನನ್ನ ಕಣ್ಣು ತುಂಬಿತು. ಆಮೇಲೆ ಅವಳ ಕಾಯಿಲೆ, ಬಡತನ ಓದಿದೆ. ಕೊನೆಗೆ ಒಡವೆ ಮಾರಿ ಬದುಕಿದಳು. ಅವಳಿಗೆ ಹುಷಾರಿಲ್ಲ, ಹೋಗಿ ನೋಡು ಅಂತ ಬೀಟನ್ ಹೇಳಿದರೂ ಗಾರ್ಬೊ ಹೋಗಲಿಲ್ಲ.

ನನ್ನ ಹತ್ತಿರವೂ ಒಂದು ಕಟ್ಟು ಕಾಗದ ಇತ್ತು. ಮದುವೆಗೆ ಒಂದು ವಾರ ಇದೆ ಅನ್ನುವಾಗ ಬಚ್ಚಲೊಲೆಗೆ ಹಾಕಿದೆ. ಯಾರದ್ದು ಅಂತ ಇವತ್ತೂ ಹೇಳಲ್ಲ. ಮರ್ಸಿಡಿಸ್ ಸುಡದೆ ಇಟ್ಟಳು, ಬೇರೆಯವರು ಗೌರವದಿಂದ ನೋಡಲಿ ಅಂತ ನಂಬಿ ಕೊಟ್ಟಳು. ನಿನ್ನೆಯ ನಗು ಕಿವಿಯಿಂದ ಹೋಗುತ್ತಿಲ್ಲ.

ಅವಳು ಬರೆದದ್ದನ್ನಂತೂ ಯಾರೂ ಓದುವುದೇ ಇಲ್ಲ. ಮೂರು ಕವನ ಸಂಕಲನ, ನಾಟಕಗಳು. ‘ಜೇಕಬ್ ಸ್ಲೋವಾಕ್’ ಅನ್ನೋ ನಾಟಕ, ಯಹೂದಿ ಹುಡುಗನೊಬ್ಬನನ್ನು ಊರು ಹೇಗೆ ನೋಡುತ್ತದೆ ಅನ್ನೋದರ ಬಗ್ಗೆ, 1927ರಲ್ಲಿ ನ್ಯೂಯಾರ್ಕಿನಲ್ಲಿ ಆಡಿದರು. ಮರುವರ್ಷ ಲಂಡನ್ನಲ್ಲಿ ಅದರಲ್ಲಿ ಇಂಗ್ಲಿಷ್ ನಟ ಜಾನ್ ಗೀಲ್‌ಗುಡ್ ಪಾತ್ರ ಮಾಡಿದ. ನನಗಿನ್ನೂ ಅದರ ಪ್ರತಿ ಸಿಕ್ಕಿಲ್ಲ. ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ, ಅಥವಾ ಯಾವುದಾದರೂ ಲೈಬ್ರರಿಯಲ್ಲಿ ಕಂಡಿದ್ದರೆ, ದಯವಿಟ್ಟು ಮೆಸೇಜ್ ಮಾಡಿ. ಒಂದು ವಾರ ಸಾಕು, ಜೋಪಾನವಾಗಿ ವಾಪಸ್ ಕೊಡುತ್ತೇನೆ.